ಬಸ್ಸು ತಪ್ಪಿತೆಂಬ ನೆಪ

ತಡವಾಗಿ ತರಗತಿಗೆ ಬಂದ ಹುಡುಗರು ಹೇಳುವ ನೆಪಗಳಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದೆಂದು ಯಾವ ಮಾಸ್ತರರನ್ನು ಕೇಳಿದರೂ ಉತ್ತರ ಒಂದೇ: ‘ಬಸ್ಸು ತಪ್ಪಿತ್ರಿ ಸರ್.’ ಹೊಟ್ಟೆನೋವಿಗೆ ಎರಡನೆಯ ಸ್ಥಾನ, ಊರ ಜಾತ್ರೆಗೆ ಮೂರನೆಯದು. ಮೊದಲನೆಯ ನೆಪವನ್ನು ನಂಬುವವರು ಬಹಳ ಕಡಿಮೆ. ಮಾಸ್ತರರು ಕನ್ನಡಕದ ಮೇಲಿನಿಂದ ನೋಡುತ್ತಾರೆ, ಗೆಳೆಯರು ಬಾಯಿ ಮುಚ್ಚಿಕೊಂಡು ನಗುತ್ತಾರೆ, ಮನೆಯಲ್ಲಿ ಅಪ್ಪ ಹುಬ್ಬು ಗಂಟಿಕ್ಕುತ್ತಾನೆ. ಒಂದು ದಿನ ತಪ್ಪೀತು, ಎರಡು ದಿನ ತಪ್ಪೀತು. ಮೂರು ದಿನಕ್ಕೆ ಎರಡು ಸಲ ಬಸ್ಸು ತಪ್ಪುವುದೆಂದರೆ ಏನರ್ಥ?

ಹುನಗುಂದ ತಾಲ್ಲೂಕಿನಲ್ಲಿ, ಕೂಡಲಸಂಗಮದ ಕಡೆಯ ಒಂದು ಹಳ್ಳಿಯ ಮನೆಯಲ್ಲಿ ಈ ಪ್ರಶ್ನೆ ಎದ್ದಿತು. ಒಕ್ಕಲುತನದ ಮನೆ. ಮಗಳು ಇಳಕಲ್ಲಿನ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದಳು. ಆ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದ ಮೊದಲ ಹೆಣ್ಣುಮಗಳು. ಒಂದು ಮಧ್ಯಾಹ್ನ ಕಾಲೇಜಿನಿಂದ ಅಪ್ಪನ ಮೊಬೈಲಿಗೆ ಸಂದೇಶ ಬಂತು: ನಿಮ್ಮ ಮಗಳ ಹಾಜರಾತಿ ಕಡಿಮೆಯಿದೆ, ಪಾಲಕರು ಬಂದು ಕಾಣಬೇಕು. ಹಾಜರಾತಿ ಶೇಕಡಾ 75 ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ.

ಅಪ್ಪನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಭಯ. ದಿನಾ ಬೆಳಿಗ್ಗೆ ಎಂಟಕ್ಕೆಲ್ಲ ಬುತ್ತಿ ಕಟ್ಟಿಕೊಂಡು ಮನೆ ಬಿಡುವ ಹುಡುಗಿ ಎಲ್ಲಿಗೆ ಹೋಗುತ್ತಾಳೆ? ಕೇಳಿದರೆ ಅದೇ ಉತ್ತರ: “ಹುನಗುಂದದಾಗ ಬಸ್ಸು ತಪ್ತೈತಪ್ಪಾ. ಮೊದಲನೇ ತಾಸು ಹೋಗಿಬಿಡ್ತೈತಿ.” ಅವ್ವ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಳು: “ಸಾಕ್ರಿ ಇಕಿ ಓದಿದ್ದು. ಮನ್ಯಾಗ ಇರ್ಲಿ.” ಹಳ್ಳಿಯ ಮನೆಗಳಲ್ಲಿ ಹೆಣ್ಣುಮಕ್ಕಳ ಓದು ನಿಲ್ಲುವುದು ದೊಡ್ಡ ದೊಡ್ಡ ಕಾರಣಗಳಿಂದಲೇ ಅಲ್ಲ. ಇಂಥ ಒಂದು ಸಂದೇಶ, ಇಂಥ ಒಂದು ಮಾತು ಸಾಕು.

ಹುಡುಗಿ ಅಳಲಿಲ್ಲ. “ನೀನ ಬಾ ಅಪ್ಪಾ. ಕಣ್ಣಿಲೆ ನೋಡು,” ಅಂದಳು.

ಮರುದಿನ ಅಪ್ಪ ಹೊರಟ. ಊರ ಮುಂದಿನ ಬೇವಿನ ಗಿಡದ ಕೆಳಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಬರಬೇಕಾದ ಬಸ್ಸು ಎಂಟೂಕಾಲಿಗೆ ಬಂತು. ಅದು ನದಿಯ ಕಡೆಯ ಹಳ್ಳಿಯಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಹೊರಡುವ ವಸ್ತಿ ಬಸ್ಸು. ಹಾಲಿನ ಕ್ಯಾನು, ಹೈಸ್ಕೂಲಿನ ಹುಡುಗರ ಚೀಲ, ದವಾಖಾನೆಗೆ ಹೊರಟ ಮುದುಕಿಯರು, ಎಲ್ಲರನ್ನೂ ಒಂದೇ ಬಾಗಿಲಿನಲ್ಲಿ ಹತ್ತಿಸಿಕೊಳ್ಳುತ್ತ ಬಸ್ಸು ಸಾಗಿತು. ಪ್ರತಿ ನಿಲುಗಡೆಯಲ್ಲೂ ಎರಡೆರಡು ನಿಮಿಷ. ಹುನಗುಂದದ ನಿಲ್ದಾಣಕ್ಕೆ 8 ಗಂಟೆ 40 ನಿಮಿಷಕ್ಕೆ ಮುಟ್ಟಬೇಕಾದದ್ದು 8.49ಕ್ಕೆ ಮುಟ್ಟಿತು. ಇಳಕಲ್ಲಿನ ಬಸ್ಸು 8.45ರದು. ಹುಡುಗಿ ಓಡಿದಳು, ಹಿಂದೆ ಅಪ್ಪನೂ ಧೋತರದ ಚುಂಗು ಹಿಡಿದುಕೊಂಡು ಓಡಿದ. ನಿಲ್ದಾಣದ ಕಂಟ್ರೋಲರ್ ಸಾಹೇಬರು ಕಿಟಕಿಯಿಂದಲೇ ಹೇಳಿದರು:

“ಈಗರ ಹೋತು ನೋಡವ್ವಾ.”

“ಇನ್ನೊಂದು ಯಾವಾಗ್ರಿ?”

“ಒಂಬತ್ತೂವರಿಗೆ ಐತಿ.”

ನಡುವೆ ದೂರದ ಬಸ್ಸುಗಳು ಬಂದವು. ಹುನಗುಂದ ಬಸ್ಸುಗಳಿಗೆ ಬಡತನವಿರುವ ಊರಲ್ಲ. ಸೋಲಾಪುರದಿಂದ ಚಿತ್ರದುರ್ಗಕ್ಕೆ ಇಳಿಯುವ ರಾಷ್ಟ್ರೀಯ ಹೆದ್ದಾರಿ, ಬೆಳಗಾವಿಯಿಂದ ರಾಯಚೂರಿಗೆ ಹೋಗುವ ರಸ್ತೆ ಎರಡೂ ಇಲ್ಲಿ ಕೂಡುತ್ತವೆ. ಊರಿಗೆ ರೈಲಿಲ್ಲ, ಆದ್ದರಿಂದ ಎಲ್ಲದಕ್ಕೂ ಬಸ್ಸೇ. ಆ ಅರ್ಧ ತಾಸಿನಲ್ಲಿ ಎರಡು ದೂರದ ಬಸ್ಸು ಒಂದರ ಹಿಂದೊಂದು ಬಂದವು. ಎರಡೂ ತುಂಬಿ ತುಳುಕುತ್ತಿದ್ದವು, ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಮೇಲೆ ನಲವತ್ತು ನಿಮಿಷ ಏನೂ ಇಲ್ಲ. ಇಳಕಲ್ಲು ಹನ್ನೆರಡು ಹದಿಮೂರು ಕಿಲೋಮೀಟರು, ಅರ್ಧ ತಾಸಿನೊಳಗಿನ ದಾರಿ. ಅಪ್ಪ ಮಗಳು ಕಾಲೇಜಿನ ಗೇಟು ದಾಟಿದಾಗ ಹತ್ತು ಗಂಟೆ ಮೀರಿತ್ತು. ಒಂಬತ್ತೂವರೆಯ ಮೊದಲ ತಾಸು ಅರ್ಧ ಮುಗಿದು, ಬಾಗಿಲು ಮುಚ್ಚಿತ್ತು.

ನಾಲ್ಕು ನಿಮಿಷ ತಡವಾದದ್ದಕ್ಕೆ ಒಂದು ತಾಸು ಹೋಯಿತು.

ಆದರೂ ಅಪ್ಪ ಪೂರ್ತಿ ಒಪ್ಪಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಅಂದ: “ಒಂದು ದಿನದ ಮಳಿ ನೋಡಿ ವರ್ಷದ ಬೆಳಿ ಹೇಳಾಕ ಬರೂದಿಲ್ಲವ್ವಾ.” ಮಗಳಿಗೆ ಈ ಮಾತು ಹಿಡಿಸಿತು. ಅವಳು ವಿಜ್ಞಾನದ ವಿದ್ಯಾರ್ಥಿನಿ, ಪ್ರಯೋಗಾಲಯದಲ್ಲಿ ಒಂದೇ ಸಲ ಅಳೆದು ಬಿಟ್ಟರೆ ಮಾಸ್ತರರು ಬೈಯುತ್ತಾರೆ ಎಂಬುದು ಅವಳಿಗೂ ಗೊತ್ತು. ಹಳೆಯ ಜರ್ನಲ್ಲಿನಲ್ಲಿ ಉಳಿದಿದ್ದ ಖಾಲಿ ಹಾಳೆಗಳಿಗೆ ಗೆರೆ ಹೊಡೆದಳು. ತಾರೀಖು, ಹಳ್ಳಿಯ ಬಸ್ಸು ಹುನಗುಂದ ಮುಟ್ಟಿದ ಹೊತ್ತು, ಇಳಕಲ್ಲಿನ ಬಸ್ಸು ಬಿಟ್ಟ ಹೊತ್ತು, ನಿಂತವರೆಷ್ಟು, ಹತ್ತಲಾಗದೆ ಉಳಿದವರೆಷ್ಟು, ಕಾರಣವೇನು. ನಾಲ್ಕು ವಾರ, ಇಪ್ಪತ್ನಾಲ್ಕು ದಿನ ತಪ್ಪದೆ ಬರೆದಳು.

ಅವಳು ಗೆರೆ ಹೊಡೆದುಕೊಂಡು ಕುಳಿತ ಕೆಲಸವನ್ನು ದೊಡ್ಡ ದೊಡ್ಡ ನಗರಗಳಲ್ಲಿ ಇಲಾಖೆಗಳು, ಎಂಜಿನಿಯರುಗಳು ಮಾಡುತ್ತಾರೆ. ಒಂದು ಮಾರ್ಗದ ಬಸ್ಸು ಚೆನ್ನಾಗಿ ನಡೆಯುತ್ತಿದೆಯೇ ಇಲ್ಲವೇ ಎಂದು ಅಳೆಯುವುದೇ ಒಂದು ವಿದ್ಯೆ. ಅದನ್ನು ಅಳೆಯಲು ಎರಡು ಲೆಕ್ಕಗಳಿವೆ: ಒಂದು ಡಿಪೋದ ಲೆಕ್ಕ, ಇನ್ನೊಂದು ಕಾಯುವವರ ಲೆಕ್ಕ.

ಡಿಪೋದ ಲೆಕ್ಕ ಹಳೆಯದು, ಅಗತ್ಯವಾದದ್ದು. ಮೈಸೂರು ಸಂಸ್ಥಾನದಲ್ಲಿ ಸರಕಾರಿ ಬಸ್ಸುಗಳು ಓಡಲು ತೊಡಗಿದ್ದು 1948ರಲ್ಲಿ. ಆಗ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿಯೂ ಅದೇ ವರ್ಷ ಸರಕಾರಿ ಬಸ್ಸು ಶುರುವಾಯಿತು. 1956ರಲ್ಲಿ ರಾಜ್ಯ ಒಂದಾಯಿತು, 1961ರಲ್ಲಿ ಸಾರಿಗೆ ನಿಗಮವಾಯಿತು. 1997 ಮತ್ತು 2000ದಲ್ಲಿ ಅದು ಒಡೆದು ನಾಲ್ಕು ನಿಗಮಗಳಾದವು. ನಿಗಮವೆಂದ ಮೇಲೆ ಆದಾಯ ಖರ್ಚು ನೋಡಲೇಬೇಕು. ಡೀಸೆಲ್, ಟೈರು, ಸಂಬಳ ಯಾವುದೂ ಧರ್ಮಾರ್ಥ ಬರುವುದಿಲ್ಲ. ಆದ್ದರಿಂದ ಅಲ್ಲಿ ಮೊದಲು ಕೇಳುವ ಪ್ರಶ್ನೆ: ಈ ಬಸ್ಸು ಕಿಲೋಮೀಟರಿಗೆ ಎಷ್ಟು ದುಡಿಯಿತು? ಲೆಕ್ಕಕ್ಕಾಗಿ, ಒಂದು ಬಸ್ಸು ದಿನಕ್ಕೆ 300 ಕಿ.ಮೀ. ಓಡಿ 12,000 ರೂಪಾಯಿ ತಂದರೆ ಕಿಲೋಮೀಟರಿಗೆ 40 ರೂಪಾಯಿ. ಎರಡನೆಯ ಪ್ರಶ್ನೆ ಲೋಡ್ ಫ್ಯಾಕ್ಟರ್, ಅಂದರೆ ಇರುವ ಸೀಟುಗಳಲ್ಲಿ ನೂರಕ್ಕೆ ಎಷ್ಟು ತುಂಬಿದವು.

ಈ ಅಂಕಿಗಳು ಸುಳ್ಳು ಹೇಳುವುದಿಲ್ಲ, ಆದರೆ ಕೆಲವು ಸಂಗತಿ ಮುಚ್ಚಿಡುತ್ತವೆ. ಐವತ್ತು ಸೀಟಿನ ಬಸ್ಸೊಂದು ಬೆಳಿಗ್ಗೆ ಪೇಟೆಗೆ 85 ಜನರನ್ನು ಒಯ್ದು, ಮರಳುವಾಗ ಐವರನ್ನು ತಂದಿತೆನ್ನಿ. ಸರಾಸರಿ 45. ಶೇಕಡಾ 90 ತುಂಬಿದಂತಾಯಿತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಬಸ್ಸಿಲ್ಲ. ಆದರೆ ಬೆಳಿಗ್ಗೆ ಮೂವತ್ತೈದು ಜನ ಒಂಟಿ ಕಾಲಿನ ಮೇಲೆ ನಿಂತು ಬಂದದ್ದು ಆ ಸರಾಸರಿಯಲ್ಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮುಂದಿನ ನಿಲುಗಡೆಯಲ್ಲಿ ಕೈ ಮಾಡಿ ಮಾಡಿ ಸೋತು ಉಳಿದವರು ಯಾವ ಲೆಕ್ಕದಲ್ಲೂ ಇಲ್ಲ. ಹತ್ತಿದವನಿಗೆ ಚೀಟಿಯುಂಟು. ಹತ್ತಲಾಗದವನ ಚೀಟಿ ಹರಿಯುವವರು ಯಾರು?

ವಿದ್ಯಾರ್ಥಿಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಪಾಸಿನ ಹುಡುಗ ಪಾಸು ತೋರಿಸಿ ಕೂಡುತ್ತಾನೆ, ಸಾಮಾನ್ಯವಾಗಿ ಅವನಿಗೆ ದಿನಾ ಚೀಟಿ ಇಲ್ಲ. ಪಾಸಿನ ಹಣ ಬೇರೆ ಖಾತೆಗೆ ಹೋಗುತ್ತದೆ. ಹೀಗಾಗಿ ಹುಡುಗರಿಂದಲೇ ಕಿಕ್ಕಿರಿದ ಬೆಳಗಿನ ಬಸ್ಸು ಆ ಹೊತ್ತಿನ ಗಳಿಕೆಯಲ್ಲಿ ಬಡವನಂತೆ ಕಾಣುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಪುಕ್ಕಟೆಯಾದ ಮೇಲೆ ಕಂಡಕ್ಟರರು ಅವರಿಗೆ ಶೂನ್ಯ ಟಿಕೆಟ್ ಕೊಡುತ್ತಾರೆ. ಅದರ ಬೆಲೆ ಸೊನ್ನೆಯಾದರೂ ಲೆಕ್ಕದಲ್ಲಿ ಅದು ಸೊನ್ನೆಯಲ್ಲ, ಎಲ್ಲಿಂದ ಎಲ್ಲಿಗೆ ಒಬ್ಬಳು ಹೋದಳು ಎಂಬ ದಾಖಲೆ. ಅಕ್ಕ ಲೆಕ್ಕದಲ್ಲಿದ್ದಾಳೆ, ಪಕ್ಕದಲ್ಲಿ ನಿಂತ ತಮ್ಮ ಇಲ್ಲ! ಶೂನ್ಯ ಟಿಕೆಟ್ ಕೇಳಿ ಪಡೆಯುವುದಕ್ಕೆ ನಾಚಬಾರದು. ಅದು ಮುಂದಿನ ಬಸ್ಸಿಗೆ ಹಾಕಿದ ಓಟು ಇದ್ದಂತೆ.

ಇನ್ನು ಕಾಯುವವರ ಲೆಕ್ಕ. ನಿಲ್ದಾಣದಲ್ಲಿ ನಿಂತವನಿಗೆ ಕಿಲೋಮೀಟರಿನ ಗಳಿಕೆ ಬೇಡ. ಅವನಿಗೆ ಬೇಕಾದದ್ದು ಎರಡೇ: ಎಷ್ಟು ಹೊತ್ತು ಕಾಯಬೇಕು, ಹೇಳಿದ ಹೊತ್ತಿಗೆ ಬರುತ್ತದೆಯೋ ಇಲ್ಲವೋ. ಇದರಲ್ಲಿ ಒಂದು ಸೋಜಿಗದ ಗಣಿತವಿದೆ, ಹೈಸ್ಕೂಲಿನ ಹುಡುಗರೂ ಮಾಡಬಹುದು.

ತಾಸಿಗೆ ಎರಡು ಬಸ್ಸು ಎಂದುಕೊಳ್ಳೋಣ. ಸರಿಯಾಗಿ ಅರ್ಧ ತಾಸಿಗೊಂದು ಬಂದರೆ, ಯಾವ ಹೊತ್ತಿಗೋ ಬಂದು ನಿಂತವನು ಸರಾಸರಿ 15 ನಿಮಿಷ ಕಾಯುತ್ತಾನೆ. ಅವೇ ಎರಡು ಬಸ್ಸು ಐದು ನಿಮಿಷದ ಅಂತರದಲ್ಲಿ ಒಂದರ ಹಿಂದೊಂದು ಬಂದು, ಆಮೇಲೆ 55 ನಿಮಿಷ ಖಾಲಿ ಬಿದ್ದರೆ? ಅರವತ್ತು ಜನ ನಿಮಿಷಕ್ಕೊಬ್ಬರಂತೆ ಬಂದರೆನ್ನಿ. ಐವರು ಮಾತ್ರ ಆ ಚಿಕ್ಕ ಸಂದಿಯಲ್ಲಿ ಬಂದು ಸರಾಸರಿ ಎರಡೂವರೆ ನಿಮಿಷ ಕಾಯುತ್ತಾರೆ. ಉಳಿದ ಐವತ್ತೈದು ಜನ ಸರಾಸರಿ ಇಪ್ಪತ್ತೇಳೂವರೆ ನಿಮಿಷ. ಎಲ್ಲ ಕೂಡಿಸಿ ಭಾಗಿಸಿದರೆ ತಲೆಗೆ 25 ನಿಮಿಷ ಮೀರುತ್ತದೆ. ಬಸ್ಸು ಅಷ್ಟೇ, ಡೀಸೆಲ್ ಅಷ್ಟೇ, ಡಿಪೋದ ಲೆಕ್ಕದಲ್ಲಿ ಒಂದು ಪೈಸೆ ವ್ಯತ್ಯಾಸವಿಲ್ಲ. ಕಾಯುವವರಿಗೆ ಮಾತ್ರ ಹತ್ತು ನಿಮಿಷದ ದಂಡ.

ಮಗಳು ಈ ಲೆಕ್ಕ ವಿವರಿಸಿದಾಗ ಅಪ್ಪನಿಗೆ ತಿಳಿಯಲು ಕ್ಷಣ ಹಿಡಿಯಲಿಲ್ಲ. ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ ಬೆಳೆಯುವವನಿಗೆ ಇದು ಹೊಸ ಮಾತಲ್ಲ. “ಮಳಿ ಎಷ್ಟಾತು ಅನ್ನೂದರಾಗ ಏನೈತಿ? ಯಾವಾಗ ಆತು ಅನ್ನೂದು ಮುಖ್ಯ,” ಅಂದ. ವರ್ಷದ ಮಳೆ ಸರಾಸರಿ ಇದ್ದರೂ ಬಿತ್ತುವ ಹೊತ್ತಿಗೆ ಬಾರದೆ ಕೊಯ್ಯುವ ಹೊತ್ತಿಗೆ ಬಂದರೆ, ಕಾಗದದ ಮೇಲೆ ಬರಗಾಲವಿಲ್ಲ, ಕಣದಲ್ಲಿ ಜೋಳವೂ ಇಲ್ಲ.

ಬಸ್ಸುಗಳು ಹೀಗೆ ಜೋಡಿಜೋಡಿಯಾಗಿ ಬರುವುದು ಯಾರ ಹಟಮಾರಿತನದಿಂದಲೂ ಅಲ್ಲ. ಮುಂದಿನ ಬಸ್ಸು ಏನೋ ಕಾರಣಕ್ಕೆ ಎರಡು ನಿಮಿಷ ತಡವಾಯಿತು. ಆ ಎರಡು ನಿಮಿಷದಲ್ಲಿ ನಿಲುಗಡೆಗೆ ಇನ್ನಷ್ಟು ಜನ ಬಂದು ಕೂಡಿದರು. ಅವರು ಹತ್ತುವಷ್ಟರಲ್ಲಿ ಮತ್ತೆ ತಡ. ಹಿಂದಿನ ಬಸ್ಸಿಗೆ ಜನವೇ ಇಲ್ಲ, ಅದು ಹಗುರಾಗಿ ಓಡಿ ಬಂದು ಮುಂದಿನದನ್ನು ಹಿಡಿಯುತ್ತದೆ. ಲಂಡನ್ನಿನಲ್ಲೂ ಹೀಗೆಯೇ, ಬೆಂಗಳೂರಿನಲ್ಲೂ ಹೀಗೆಯೇ. ನ್ಯೂವೆಲ್ ಮತ್ತು ಪಾಟ್ಸ್ ಎಂಬಿಬ್ಬರು ವಿಜ್ಞಾನಿಗಳು 1964ರಲ್ಲಿ ಇದನ್ನು ಗಣಿತದಿಂದ ತೋರಿಸಿದರು. ತಡ ತನ್ನಷ್ಟಕ್ಕೆ ಸರಿಹೋಗುವುದಿಲ್ಲ, ಬಿಟ್ಟರೆ ಬೆಳೆಯುತ್ತ ಹೋಗುತ್ತದೆ. ಅದಕ್ಕೆ ಮದ್ದು ಒಂದೇ, ನಡುನಡುವೆ ಬಸ್ಸುಗಳ ಅಂತರವನ್ನು ಸರಿಪಡಿಸಿ ಬಿಡುವುದು. ಕಿಟಕಿಯಲ್ಲಿ ಕುಳಿತ ಕಂಟ್ರೋಲರರ ಸೀಟಿಗೆ ಇರುವ ಬೆಲೆ ಇದು.

ಹೊತ್ತಿಗೆ ಮೊದಲೇ ಬಸ್ಸು ಬಿಡುವುದು ತಡವಾಗಿ ಬಿಡುವುದಕ್ಕಿಂತ ಕೆಟ್ಟದ್ದು ಎಂಬುದನ್ನೂ ಬಹಳ ಜನ ಗಮನಿಸುವುದಿಲ್ಲ. ಐದು ನಿಮಿಷ ತಡವಾದ ಬಸ್ಸು ಐದು ನಿಮಿಷ ಕಾಯಿಸುತ್ತದೆ. ಎರಡು ನಿಮಿಷ ಮೊದಲೇ ಹೊರಟ ಬಸ್ಸು, ಸರಿಯಾದ ಹೊತ್ತಿಗೆ ಬಂದವನನ್ನು ಮುಂದಿನ ಬಸ್ಸಿನವರೆಗೆ ಕಾಯಿಸುತ್ತದೆ. ಶಿಸ್ತಿನವನಿಗೇ ಶಿಕ್ಷೆ.

ನಗರಗಳು ಈ ಪಾಠವನ್ನು ನಿಧಾನಕ್ಕೆ ಕಲಿತಿವೆ. ಬೆಂಗಳೂರಿನ ನಗರ ಸಾರಿಗೆ 1997ರಲ್ಲಿ ಬೇರೆಯಾಗಿ ತನ್ನದೇ ನಿಗಮವಾಯಿತು. 2009ರಲ್ಲಿ ಅಲ್ಲಿ ಬಿಗ್-10 ಎಂಬ ಬಸ್ಸುಗಳನ್ನು ಬಿಟ್ಟರು. ಸಂದಿಗೊಂದಿ ಸುತ್ತದೆ ಮುಖ್ಯ ರಸ್ತೆಗಳ ಮೇಲೆ ನೇರವಾಗಿ, ಮೇಲಿಂದ ಮೇಲೆ ಓಡಬೇಕೆಂಬುದು ಅದರ ಹಿಂದಿನ ವಿಚಾರ. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿ.ಮೀ. ಉದ್ದಕ್ಕೆ ಬೇರೆ ದಾರಿ ಮಾಡಿ ‘ಚಿಗರಿ’ ಬಸ್ಸುಗಳನ್ನು ಓಡಿಸಿದರು. ಪ್ರಾಯೋಗಿಕ ಓಡಾಟ 2018ರಲ್ಲಿ, ವಿಧಿವತ್ತಾದ ಉದ್ಘಾಟನೆ 2020ರ ಫೆಬ್ರುವರಿಯಲ್ಲಿ. ಬಾಗಲಕೋಟೆಯಲ್ಲಿ ಆಲಮಟ್ಟಿಯ ಹಿನ್ನೀರು ಊರನ್ನೇ ಹಂಚಿದ ಮೇಲೆ ಹಳೆ ಊರು, ವಿದ್ಯಾಗಿರಿ, ನವನಗರಗಳನ್ನು ನಗರ ಬಸ್ಸುಗಳೇ ಹೊಲಿದು ಹಿಡಿದಿವೆ. ಹುನಗುಂದ-ಇಳಕಲ್ಲಿನ ಬಸ್ಸಿಗೆ ನಗರ ಸಾರಿಗೆ ಎಂಬ ಹೆಸರಿಲ್ಲ. ಆದರೆ ಓದಲು, ನೇಯಲು, ಅಂಗಡಿ ಕೆಲಸಕ್ಕೆ, ದವಾಖಾನೆಗೆ ದಿನಾ ಎರಡು ಊರುಗಳ ನಡುವೆ ಓಡಾಡುವವರಿಗೆ ಅದೇ ನಗರ ಬಸ್ಸು.

ಆದರೆ ಈ ಹುಡುಗಿಯ ತೊಂದರೆ ಒಂದು ಬಸ್ಸಿನದಲ್ಲ, ಎರಡು ಬಸ್ಸುಗಳ ನಡುವಿನ ಸಂದಿಯದು. ಈ ಸಂದಿಯ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ್ದು ಸ್ವಿಟ್ಜರ್‌ಲ್ಯಾಂಡ್ ಎಂಬ ಪುಟ್ಟ ದೇಶ. ಅಲ್ಲಿ 1982ರಿಂದ ದೇಶದ ತುಂಬ ರೈಲುಗಳು ತಾಸುತಾಸಿಗೂ ಅದೇ ನಿಮಿಷಕ್ಕೆ ಹೊರಡುವಂತೆ ವೇಳಾಪಟ್ಟಿ ಮಾಡಿದರು. ಆಮೇಲೆ ದೊಡ್ಡ ನಿಲ್ದಾಣಗಳಲ್ಲಿ ಬೇರೆಬೇರೆ ದಿಕ್ಕಿನ ರೈಲುಗಳು ಒಂದೇ ಹೊತ್ತಿಗೆ ಕೂಡಿ, ಜನ ಇಳಿದು ಹತ್ತಿದ ಮೇಲೆ ಹೊರಡುವಂತೆ ಹೊಂದಿಸಿದರು. ಹಳ್ಳಿಯ ಬಸ್ಸುಗಳನ್ನೂ ರೈಲಿನ ಹೊತ್ತಿಗೆ ಜೋಡಿಸಿದರು. ರೈಲಿನ ವೇಗ ಹೆಚ್ಚಿಸುವುದಕ್ಕಿಂತ ಒಂದರಿಂದ ಇನ್ನೊಂದಕ್ಕೆ ಹತ್ತುವ ಹೊತ್ತು ಹೊಂದಿಸುವುದೇ ಜನರಿಗೆ ಹೆಚ್ಚು ಉಳಿತಾಯ ಎಂದು ಅವರು ಕಂಡುಕೊಂಡರು.

ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದ ಅವ್ವನಿಗೆ ಸ್ವಿಟ್ಜರ್‌ಲ್ಯಾಂಡಿನ ಕಥೆ ಬೇಕಾಗಲಿಲ್ಲ. “ಕೊಂಡಿ ಬಿಟ್ಟೈತಿ ಅನ್ನು,” ಅಂದಳು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಒಡಲು ಎಷ್ಟು ಚಂದವಿದ್ದರೇನು, ಸೆರಗು ಎಷ್ಟು ಕೆಂಪಗಿದ್ದರೇನು, ಕೊಂಡಿ ಬಿಟ್ಟರೆ ಅದು ಸೀರೆಯಲ್ಲ, ಎರಡು ತುಂಡು ಬಟ್ಟೆ. ಹಳ್ಳಿಯ ಬಸ್ಸು ಇದೆ, ಇಳಕಲ್ಲಿನ ಬಸ್ಸೂ ಇದೆ. ನಡುವಿನ ಕೊಂಡಿ ಇಲ್ಲ. ಓದು ಸಾಕೆಂದಿದ್ದ ಅವ್ವ ಈ ಮಾತಾಡಿದ ದಿನದಿಂದ ಆ ವಹಿಯನ್ನು ದೇವರ ಜಗಲಿಯ ಪಕ್ಕದಲ್ಲಿ ಇಡತೊಡಗಿದಳು.

ಇಪ್ಪತ್ನಾಲ್ಕನೆಯ ದಿನ ಮೂವರೂ ಕೂಡಿ ಲೆಕ್ಕ ನೋಡಿದರು. ಹಳ್ಳಿಯ ಬಸ್ಸು 8.45ರೊಳಗೆ ಹುನಗುಂದ ಮುಟ್ಟಿದ್ದು ಹನ್ನೆರಡು ದಿನ, ತಡವಾದದ್ದು ಹನ್ನೆರಡು ದಿನ. ಸಮಯಕ್ಕೆ ಮುಟ್ಟಿದ ಹನ್ನೆರಡು ದಿನಗಳಲ್ಲಿಯೂ ಎರಡು ದಿನ ಇಳಕಲ್ಲಿನ ಬಸ್ಸು ಹೊತ್ತಿಗೆ ಮೊದಲೇ ಹೋಗಿತ್ತು. ತಡವಾದ ದಿನಗಳಲ್ಲಿ ಒಂದು ದಿನ ಆ ಬಸ್ಸೂ ತಡವಾಗಿದ್ದರಿಂದ ಸಿಕ್ಕಿತು. ಒಟ್ಟು ಸಿಕ್ಕಿದ್ದು ಹನ್ನೊಂದು, ತಪ್ಪಿದ್ದು ಹದಿಮೂರು. ಅರ್ಧಕ್ಕಿಂತ ಹೆಚ್ಚು! ಹುಡುಗಿ ಹೇಳಿದ್ದು ನೆಪವಾಗಿರಲಿಲ್ಲ.

ಅಪ್ಪ ಬಹಳ ಹೊತ್ತು ಸುಮ್ಮನೆ ಕುಳಿತ. ಕ್ಷಮಿಸು ಎನ್ನುವ ರೂಢಿ ಆ ಮನೆಗಳಲ್ಲಿಲ್ಲ. “ತಡಾ ಆದ ದಿನ ಎಷ್ಟೆಷ್ಟು ತಡಾ ಆಗೈತಿ, ಅದನ್ನೊಂದಿಷ್ಟು ಓದು,” ಅಂದ. ಮಗಳಿಗೆ ಅಷ್ಟು ಸಾಕಿತ್ತು.

ಆ ಒಂದು ಸಾಲಿನಲ್ಲಿಯೇ ಪರಿಹಾರವಿತ್ತು. ತಡವಾದ ಹನ್ನೆರಡು ದಿನಗಳಲ್ಲಿ ಒಂಬತ್ತು ದಿನ ತಡ ಹತ್ತು ನಿಮಿಷದೊಳಗಿನದು. ಅಂದರೆ ಹೊಸ ಬಸ್ಸು ಬೇಡ, ಹೊಸ ಡ್ರೈವರ್ ಬೇಡ. ಎರಡು ಬಸ್ಸುಗಳ ನಡುವೆ ಇನ್ನೂ ಹತ್ತು ನಿಮಿಷ ಸಿಕ್ಕು, ಇಳಕಲ್ಲಿನ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟರೆ, ಇಪ್ಪತ್ನಾಲ್ಕರಲ್ಲಿ ಹನ್ನೊಂದರ ಬದಲು ಇಪ್ಪತ್ತೊಂದು ದಿನ ಬಸ್ಸು ಸಿಗುತ್ತದೆ.

ಅಪ್ಪ ಮಗಳು ವಹಿ ಹಿಡಿದುಕೊಂಡು ಕಂಟ್ರೋಲರ್ ಸಾಹೇಬರ ಕಿಟಕಿಗೆ ಹೋದರು. ಇಳಕಲ್ಲಿನ ಬಸ್ಸನ್ನು 8.55ಕ್ಕೆ ಬಿಡಬಹುದೇ ಎಂದು ಕೇಳಿದರು. ಅವರು ಸಿಟ್ಟಾಗಲಿಲ್ಲ. ಕನ್ನಡಕ ಹಾಕಿಕೊಂಡು ಹಾಳೆ ಹಾಳೆ ನೋಡಿದರು. “ಇಷ್ಟು ದಿನ ಎಲ್ಲಾರೂ ಬಂದು ಬೈದು ಹೋದಾವ್ರ. ಬರಕೊಂಡು ಬಂದಾವ್ರನ್ನ ಇವತ್ತ ನೋಡಿದ್ನಿ ಯಜಮಾನ್ರ,” ಅಂದರು. ಆಮೇಲೆ ತಮ್ಮ ಕಷ್ಟ ಹೇಳಿದರು. ಇಳಕಲ್ಲಿಗೆ ಹೋದ ಅದೇ ಬಸ್ಸು ಮರಳಿ ಬರುವಾಗ ಆ ಕಡೆಯ ಹುಡುಗರನ್ನು ಹುನಗುಂದದ ಶಾಲೆಗಳಿಗೆ ತರುತ್ತದೆ. ಇದನ್ನು ಹತ್ತು ನಿಮಿಷ ತಡೆದರೆ ಆ ಹುಡುಗರ ಪ್ರಾರ್ಥನೆ ತಪ್ಪುತ್ತದೆ. ಒಂದು ಎಳೆ ಎಳೆದರೆ ಹತ್ತು ಎಳೆ ಜಗ್ಗುತ್ತವೆ. ಒಬ್ಬರ ಮಗಳಿಗೆ ಅನುಕೂಲವಾದದ್ದು ಇನ್ನೊಬ್ಬರ ಮಗನಿಗೆ ಅನಾನುಕೂಲ. ಬಸ್ಸಿನ ವೇಳಾಪಟ್ಟಿ ಮೇಲಿನಿಂದ ನೋಡಿದಷ್ಟು ಸರಳವಲ್ಲ ಎಂಬುದು ಆಗ ಅಪ್ಪನಿಗೆ ತಿಳಿಯಿತು.

ದಾರಿ ತೋರಿಸಿದವರೂ ಅವರೇ. “ಇಳಕಲ್ಲ ಗಾಡಿ ಸರಸಾಕ ಬರೂದಿಲ್ಲ. ಆದ್ರ ನಿಮ್ಮದು ವಸ್ತಿ ಗಾಡಿ. ಅದು ಮುಂಜಾನೆ ಹತ್ತು ನಿಮಿಷ ಮೊದ್ಲ ಬಿಟ್ರ ಯಾರಿಗೇನು ಲುಕ್ಸಾನ? ನಿಮ್ಮ ಕಡೆ ಊರಾವ್ರು ಒಪ್ತಾರೇನು ಕೇಳ್ರಿ. ಮ್ಯಾಲಿನ ಸಾಹೇಬ್ರಿಗೆ ಅರ್ಜಿ ಕೊಡ್ರಿ.”

ಮುಂದಿನ ವಾರವೆಲ್ಲ ಅಪ್ಪ ಆ ದಾರಿಯ ಹಳ್ಳಿಗಳನ್ನು ತಿರುಗಿದ. ಹಾಲು ಹಾಕುವ ಹೆಣ್ಣುಮಕ್ಕಳು ಗೊಣಗಿದರು, ಹಿಂಡುವುದನ್ನು ಹತ್ತು ನಿಮಿಷ ಮೊದಲು ಮುಗಿಸಬೇಕಲ್ಲ. ಹೈಸ್ಕೂಲಿನ ಹುಡುಗರ ತಾಯಂದಿರು ರೊಟ್ಟಿಯ ಲೆಕ್ಕ ಹಾಕಿದರು. ವಹಿ ನೋಡಿದ ಮೇಲೆ ಬಹಳ ಜನ ಸಹಿ ಹಾಕಿದರು, ಕೆಲವರು ಹೆಬ್ಬೆಟ್ಟು ಒತ್ತಿದರು. ಅರ್ಜಿ ಒಂದೇ ಪುಟ. ಅದರಲ್ಲಿ ಯಾರ ಮೇಲೂ ದೂರಿರಲಿಲ್ಲ. ಇಪ್ಪತ್ನಾಲ್ಕು ದಿನಗಳ ಅಂಕಿ, ಕೆಳಗೆ ಎರಡು ಬೇಡಿಕೆ: ವಸ್ತಿ ಬಸ್ಸು ಹತ್ತು ನಿಮಿಷ ಮೊದಲು ಹೊರಡಲಿ, ಇಳಕಲ್ಲಿನ ಬಸ್ಸು ಹೊತ್ತಿಗೆ ಮೊದಲು ಹೊರಡದಿರಲಿ.

ಅರ್ಜಿ ಕೊಟ್ಟ ಕೂಡಲೇ ಪವಾಡವೇನೂ ಆಗಲಿಲ್ಲ. ಎರಡು ಸಲ ಹೋಗಿ ಬಂದದ್ದಾಯಿತು. ಕೊನೆಗೆ ಒಂದು ತಿಂಗಳು ನೋಡೋಣ ಎಂದರು. ತಿಂಗಳು ಮುಗಿಯಿತು, ಯಾರೂ ಬದಲಾಯಿಸಲಿಲ್ಲ, ಅದೇ ಉಳಿದುಕೊಂಡಿತು. ಈಗಲೂ ಬಸ್ಸು ತಪ್ಪುವ ದಿನಗಳಿವೆ. ಮಳೆ ಬಂದರೆ, ಟೈರು ಕೈಕೊಟ್ಟರೆ, ಸಂತೆಯ ಜನ ಕೂಡಿದರೆ ಹತ್ತು ನಿಮಿಷ ಸಾಲುವುದಿಲ್ಲ. ಸಂಜೆಯ ಬಸ್ಸಿನ ತೊಂದರೆ ಹಾಗೆಯೇ ಇದೆ, ಅದಕ್ಕೆ ಬೇರೆ ವಹಿಯೇ ಬೇಕು. ಆದರೆ ಮೊದಲ ತಾಸು ಸಿಗುವ ದಿನಗಳು ಹೆಚ್ಚಾದವು. ಕಾಲೇಜಿನವರು ವಹಿ ನೋಡಿ, ಆ ವರ್ಷ ಅವಳನ್ನು ಪರೀಕ್ಷೆಗೆ ಕೂಡಿಸಿದರು.

ಈ ಕೆಲಸ ಯಾವ ಊರಿನ ವಿದ್ಯಾರ್ಥಿಗಳಾದರೂ ಮಾಡಬಹುದು. ಬೇಕಾದದ್ದು ಒಂದು ವಹಿ, ಒಂದು ಗಡಿಯಾರ, ಒಂದು ತಿಂಗಳ ತಾಳ್ಮೆ. ಬಸ್ಸು ತಡವಾದ ದಿನ ಮಾತ್ರ ಬರೆಯದೆ, ಸಮಯಕ್ಕೆ ಬಂದ ದಿನವನ್ನೂ ಬರೆಯಬೇಕು, ಇಲ್ಲದಿದ್ದರೆ ಅದು ಲೆಕ್ಕವಲ್ಲ, ಜಗಳ. ಹತ್ತಲಾಗದೆ ಉಳಿದವರನ್ನು ಎಣಿಸಬೇಕು, ಅವರನ್ನು ಬೇರೆ ಯಾರೂ ಎಣಿಸುವುದಿಲ್ಲ. ಬಸ್ಸು ಸರಿಸಲು ಬಾರದಿದ್ದಲ್ಲಿ ಶಾಲೆಯ ಗಂಟೆಯನ್ನೇ ಹದಿನೈದು ನಿಮಿಷ ಸರಿಸಬಹುದೇ ಎಂದು ಮಾಸ್ತರರನ್ನೂ ಕೇಳಬಹುದು. ಪಾಲಕರ ಕೆಲಸ ಇನ್ನೂ ಸಣ್ಣದು. ವರ್ಷಕ್ಕೊಮ್ಮೆಯಾದರೂ ಮಕ್ಕಳು ಹೋಗುವ ಬಸ್ಸಿನಲ್ಲಿ, ಅವರು ಹೋಗುವ ಹೊತ್ತಿನಲ್ಲಿ, ಅವರೊಡನೆ ನಿಂತು ಪ್ರಯಾಣ ಮಾಡಬೇಕು.

ಮೊನ್ನೆ ಮಳೆಯ ದಿನ ಹುಡುಗಿ ಹುನಗುಂದದ ನಿಲ್ದಾಣದಿಂದ ಮನೆಗೆ ಫೋನು ಮಾಡಿದಳು. “ಅಪ್ಪಾ, ಬಸ್ಸು ತಪ್ಪಿತು.”

ಆ ಕಡೆಯಿಂದ ಬೈಗುಳ ಬರಲಿಲ್ಲ. ಒಂದು ಪ್ರಶ್ನೆ ಬಂತು:

“ಎಷ್ಟು ನಿಮಿಷಕ್ಕ ತಪ್ಪಿತವ್ವಾ? ಬರಕೊಂಡೀ?”